ಹೊಗೆ, ಕಳ್ಳತನದ ಭಯ ಮತ್ತು ಊರು ಬಿಡುವ ಮಾತು

(ಬೇಸಿಗೆಗೆ ಮುನ್ನ ಅತ್ತಿಗುಂಡಿಯಲ್ಲಿ ಸೇರಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸೀಮೆಯ ತೋಟದ ಮನೆಯೊಂದರಲ್ಲಿ ಹುಟ್ಟಿ, ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ತರುಣನೊಬ್ಬ ಇತ್ತೀಚೆಗೆ ನನಗೆ ದೂರವಾಣಿ ಮಾಡಿದ್ದ. ಬೀದಿಯಲ್ಲಿ ನಿಲ್ಲಿಸಿದ ಅವನ ಕಾರಿನ ಗಾಜನ್ನು ಎರಡು ಬಾರಿ ಒಡೆದಿದ್ದಾರೆ. ಮನೆಯಲ್ಲಿ ಹಸುಗೂಸಿದೆ, ಬೇಸಿಗೆ ಕಳೆಯುವ ಹೊತ್ತಿಗೆ ಕಾಳ್ಗಿಚ್ಚಿನ ಹೊಗೆಯ ಭಯ. ಟೆಕ್ಸಾಸ್ ರಾಜ್ಯಕ್ಕೆ ಹೋಗಿಬಿಡೋಣವೇ ಎಂಬುದು ಅವನ ಪ್ರಶ್ನೆ. ಅವನಿಗೆ ಉತ್ತರ ಹುಡುಕುತ್ತಾ ಹೋದಂತೆ, ಇದು ನಮ್ಮ ಗಿರಿಯ ಮನೆಮನೆಯ ಪ್ರಶ್ನೆಯೂ ಹೌದೆಂದು ನನಗೆ ಅರಿವಾಯಿತು.

ಅವನ ಭಯ ಸುಳ್ಳಲ್ಲ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರನ್ನು ಬೆಂಕಿ ನುಂಗಿ 85 ಜನ ಸತ್ತರು. ಅದರ ಹೊಗೆ ದೂರದ ಸ್ಯಾನ್ ಫ್ರಾನ್ಸಿಸ್ಕೋವನ್ನು ಆವರಿಸಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2020ರಲ್ಲಿ ಆ ರಾಜ್ಯದಲ್ಲಿ 40 ಲಕ್ಷ ಎಕರೆಗೂ ಮಿಕ್ಕಿ ನೆಲ ಸುಟ್ಟಿತು. ಆದರೆ ಅವನು ಹೋಗಬೇಕೆಂದಿರುವ ಟೆಕ್ಸಾಸಿನಲ್ಲಿಯೂ 2024ರ ಫೆಬ್ರುವರಿ-ಮಾರ್ಚಿನಲ್ಲಿ ಒಂದೇ ಕಾಳ್ಗಿಚ್ಚು 10 ಲಕ್ಷ ಎಕರೆಗೂ ಹೆಚ್ಚು ಹುಲ್ಲುಗಾವಲನ್ನು ಸುಟ್ಟಿತು. 2023ರ ಜೂನಿನಲ್ಲಿ ಕೆನಡಾದ ಕಾಡಿನ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಹೊಗೆಗೆ ರಾಜ್ಯದ ಗಡಿ ತಿಳಿಯದು.

ಹೊಗೆಯಲ್ಲಿ ನಿಜವಾಗಿ ಕೊಲ್ಲುವುದು ಕಣ್ಣಿಗೆ ಕಾಣದ ಕಣ. ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟಿರುವ ಅದು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ನೀಡಿತು. ನಮ್ಮ ದೇಶ 2009ರಲ್ಲಿ ಇಟ್ಟ ಮಿತಿ 60. ಹಸುಗೂಸಿಗೆ, ಉಬ್ಬಸದವರಿಗೆ, ಮುದುಕರಿಗೆ, ದಿನವಿಡೀ ಬಯಲಲ್ಲಿ ದುಡಿಯುವ ಕೂಲಿಕಾರರಿಗೆ ಇದರ ಪೆಟ್ಟು ಹೆಚ್ಚು.

ಇನ್ನು ಅಪರಾಧದ ಅಂಕಿಅಂಶ. ಇಲ್ಲಿ ಎಚ್ಚರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಎಣಿಸುವುದು ನಡೆದ ಅಪರಾಧಗಳನ್ನಲ್ಲ, ದಾಖಲಾದ ಅಪರಾಧಗಳನ್ನು. ನೆರೆಯ ಕೇರಳದ ದರ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಹಾಗೆಂದು ಕೇರಳೀಯರೆಲ್ಲ ಕಳ್ಳರೆಂದು ಯಾರೂ ಹೇಳುವುದಿಲ್ಲ. ಅಲ್ಲಿನ ಜನ ಠಾಣೆಗೆ ಹೋಗಿ ದೂರು ಬರೆಸುತ್ತಾರೆ. ರಾಜ್ಯದ ಸರಾಸರಿ ನೀವು ಮಲಗುವ ಬೀದಿಯ ಸ್ಥಿತಿಯನ್ನೂ ತಿಳಿಸುವುದಿಲ್ಲ.

ಆದ್ದರಿಂದ ನಾನು ಅವನಿಗೆ ಮೂರು ಪ್ರಶ್ನೆಗಳನ್ನು ಮರಳಿ ಕೇಳಿದೆ. ಈ ಅಪಾಯ ನಿನ್ನ ಮನೆಯಲ್ಲಿ ಯಾರನ್ನು ಮೊದಲು ತಟ್ಟುತ್ತದೆ? ನಿನ್ನ ಕೈಯಿಂದ ಅದನ್ನು ಎಷ್ಟು ತಗ್ಗಿಸಬಹುದು? ಕಷ್ಟ ಬಂದ ರಾತ್ರಿ ಬಾಗಿಲು ತಟ್ಟಲು ಹೊಸ ಊರಿನಲ್ಲಿ ನಿನಗೆ ಯಾರಿದ್ದಾರೆ? ಒಡೆದ ಗಾಜನ್ನು ಮತ್ತೆ ಹಾಕಿಸಬಹುದು. ಕೂಸಿನ ಶ್ವಾಸಕೋಶವನ್ನು ಹಾಗೆ ಬದಲಿಸಲಾಗದು. ಅದೇ ವೇಳೆ, ಒಳ್ಳೆಯ ಮುಖಗವಸು, ಗಾಳಿ ಸೋಸುವ ಯಂತ್ರ, ಮುಚ್ಚಿದ ಕೋಣೆ, ಇವು ಹೊಗೆಯನ್ನು ಬಹುಮಟ್ಟಿಗೆ ತಡೆಯುತ್ತವೆ.

ಮಿತ್ರರೇ, ಈ ತಕ್ಕಡಿಯನ್ನು ನಾನೂ ಹಿಡಿದವನೇ. ಒಂದು ಮಾರ್ಚಿನಲ್ಲಿ ಗಿರಿಯ ಹುಲ್ಲು ಮೂರು ದಿನ ಉರಿದು, ನನ್ನ ಮಗಳು ಉಬ್ಬಸದಿಂದ ರಾತ್ರಿಯಿಡೀ ಕುಳಿತೇ ಕಳೆದಳು. ಅದೇ ವರ್ಷ ಕಣದಲ್ಲಿ ಒಣಗಿಸಿದ್ದ ಮೆಣಸಿನ ಚೀಲಗಳು ಕಳುವಾದವು. ಉತ್ತರಾಖಂಡದ ಬೆಟ್ಟದ ಸಂಸ್ಥೆಯೊಂದರಿಂದ ಕರೆಯೂ ಬಂದಿತ್ತು. ಹೋಗಿ ನೋಡಿದೆ. ಅಲ್ಲಿಯೂ ಬೇಸಿಗೆಯಲ್ಲಿ ಪೈನ್ ಮರದ ಒಣಸೂಜಿಗಳು ಹೊತ್ತಿ ಉರಿಯುತ್ತವೆ. 2024ರ ಜೂನಿನಲ್ಲಿ ಬಿನ್ಸರ್ ಅಭಯಾರಣ್ಯದ ಬೆಂಕಿ ಅರಣ್ಯ ಸಿಬ್ಬಂದಿಯನ್ನೇ ಬಲಿ ತೆಗೆದುಕೊಂಡ ಸುದ್ದಿಯನ್ನು ಆಮೇಲೆ ಓದಿದೆ.

ಆದರೆ ನನ್ನ ಮನಸ್ಸನ್ನು ಕಲಕಿದ್ದು ಬೇರೊಂದು ಸಂಗತಿ. ಆ ರಾಜ್ಯದ ವಲಸೆ ಆಯೋಗ 2018ರಲ್ಲಿ ನೀಡಿದ ವರದಿಯಂತೆ, 2011ರ ನಂತರ 734 ಹಳ್ಳಿಗಳು ಬರಿದಾಗಿದ್ದವು. ಬೀಗ ಜಡಿದ ಮನೆ, ಪಾಳುಬಿದ್ದ ಮೆಟ್ಟಿಲು ಗದ್ದೆ. ಉಳುವವರಿಲ್ಲದ ಗದ್ದೆಯಲ್ಲಿ ಒಣಹುಲ್ಲು ಬೆಳೆಯುತ್ತದೆ. ಬೆಂಕಿ ಕಾಡಿನಿಂದ ಮನೆಯ ಹಿತ್ತಿಲಿಗೆ ದಾರಿ ಕಂಡುಕೊಳ್ಳುತ್ತದೆ. ಸೊಪ್ಪು ಹಿಡಿದು ಓಡಿಬರಲು ಊರಿನಲ್ಲಿ ತರುಣರೇ ಇಲ್ಲ. ಕಳ್ಳನಿಗೂ ಬೀಗದ ಮನೆಯೇ ಇಷ್ಟ. ಬೆಂಕಿ ಮತ್ತು ಕಳವು ಎರಡೂ ಬೆಳೆಯುವುದು ಜನರಿಲ್ಲದ ಕಡೆಯಲ್ಲಿ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡು, ಹಿಂದಿರುಗಿದೆ.

ನಮ್ಮ ಗಿರಿಯನ್ನೇ ನೋಡಿ. ಫೆಬ್ರುವರಿ, ಮಾರ್ಚಿನಲ್ಲಿ ತಾನಾಗಿ ಹೊತ್ತಿಕೊಳ್ಳುವ ಬೆಂಕಿ ಇಲ್ಲವೆಂದೇ ಹೇಳಬೇಕು. ಎಸೆದ ಬೀಡಿ, ಪ್ರವಾಸಿಯ ಒಲೆ, ಹೊಸ ಹುಲ್ಲಿನ ಆಸೆ, ಒಮ್ಮೊಮ್ಮೆ ಹಗೆ, ಇವೇ ಕಾರಣ. ಹುಲ್ಲು ಮಳೆಗೆ ಮರಳಿ ಚಿಗುರೀತು. ಅಂಚಿನ ಶೋಲಾ ಮರ ಸುಟ್ಟರೆ ನಮ್ಮ ಜೀವಿತದಲ್ಲಿ ಮರಳದು. ವೇದಾ, ಅವತಿ, ಯಗಚಿ ಹೊಳೆಗಳು ಇದೇ ಬೆಟ್ಟಸಾಲಿನ ಮಕ್ಕಳು. 2023ರ ಫೆಬ್ರುವರಿಯಲ್ಲಿ ನೆರೆಯ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ಪ್ರಾಣ ಬಿಟ್ಟರು. ಉಪಗ್ರಹ ಬೆಂಕಿಯ ಸುಳಿವು ಕೊಡುತ್ತದೆ, ನಿಜ. ಆದರೆ ಅದು ಮೇಲಿಂದ ಹಾದುಹೋಗುವವರೆಗೆ ಬೆಂಕಿ ಕಾಯುವುದಿಲ್ಲ. ಮೊದಲ ಹೊಗೆಯನ್ನು ಕಾಣುವ ಕಣ್ಣು ನಿಮ್ಮ ಅಂಗಳದಲ್ಲಿದೆ.

ಹೋಗುವವರನ್ನು ತಡೆಯುವ ಹಕ್ಕು ನನಗಿಲ್ಲ. ಓದಿಗಾಗಿ, ಮಗುವಿನ ಆರೋಗ್ಯಕ್ಕಾಗಿ ಊರು ಬಿಡುವುದು ತಪ್ಪೂ ಅಲ್ಲ. ಆದರೆ ಹೋಗುವವರು ಮನೆಯ ಸುತ್ತಲಿನ ಒಣಹುಲ್ಲನ್ನು ಸವರಿಸಿ, ಬೀಗದ ಕೈಯನ್ನು ನೆರೆಮನೆಗೆ ಕೊಟ್ಟು ಹೋಗಲಿ. ಉಳಿಯುವವರು ಈ ತಿಂಗಳೇ ಅರಣ್ಯ ಇಲಾಖೆಯೊಡನೆ ಕೂಡಿ ಬೆಂಕಿರೇಖೆ ತೆಗೆಯಲಿ. ಕಾಫಿ ಕೊಯ್ಲಿನ ರಾತ್ರಿಗಳಲ್ಲಿ ಕಣ ಕಾಯುವ ಸರದಿಯ ತಂಡವೇ ಬೇಸಿಗೆಯಲ್ಲಿ ಬೆಂಕಿ ಕಾಯುವ ತಂಡವೂ ಆಗಲಿ. ಕಳುವಾದರೆ ನಾಚಿಕೆಪಡದೆ ದೂರು ಬರೆಸಿ. ವಿದ್ಯಾರ್ಥಿಗಳು ಬೆಂಕಿ ಬಿದ್ದ ದಿನ, ಸ್ಥಳ, ಗಾಳಿಯ ದಿಕ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಐದು ವರ್ಷಗಳಲ್ಲಿ ಯಾವ ಸರ್ಕಾರಿ ಕಡತದಲ್ಲೂ ಇಲ್ಲದ ಜ್ಞಾನ ನಿಮ್ಮ ಕೈಯಲ್ಲಿರುತ್ತದೆ.

ಆ ತರುಣ ಇನ್ನೂ ನಿರ್ಧರಿಸಿಲ್ಲ. ತನ್ನ ಬೀದಿಯ ನಾಲ್ಕು ಮನೆಯವರ ಪರಿಚಯ ಮಾಡಿಕೊಂಡಿದ್ದೇನೆ ಎಂದು ಮೊನ್ನೆ ತಿಳಿಸಿದ. ಬೆಂಕಿ ಕಾಯುವ ತಂಡಕ್ಕೆ ಹೆಸರು ಬರೆಸುವ ಪುಸ್ತಕ ಈ ಮೇಜಿನ ಮೇಲಿದೆ. ಮೊದಲ ಹೆಸರು ನನ್ನದು. ಎರಡನೆಯದು, ಈಗ ಹದಿನಾರರ ಹರೆಯದ ನನ್ನ ಮಗಳದು. ಅವಳು ಬೆಂಕಿಯ ಬಳಿ ಹೋಗುವುದಿಲ್ಲ, ದೂರವಾಣಿಯ ಬಳಿ ಕುಳಿತು ಸುದ್ದಿ ಮುಟ್ಟಿಸುತ್ತಾಳೆ. ಉಳಿದ ಪುಟ ಖಾಲಿಯಿದೆ.