ಮಾಡಿಸಿದ ಟ್ರಾಂಬೋನ್



ಮೈಸೂರು ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ನೋಡಿದವರಿಗೆ ಒಂದು ವಾದ್ಯ ಮರೆತಿರಲಿಕ್ಕಿಲ್ಲ. ಉದ್ದನೆಯ ಹಿತ್ತಾಳೆಯ ಕೊಳವೆಯನ್ನು ಮುಂದಕ್ಕೆ ಚಾಚುತ್ತ, ಹಿಂದಕ್ಕೆ ಎಳೆಯುತ್ತ ನುಡಿಸುವ ವಾದ್ಯ. ಅದೇ ಟ್ರಾಂಬೋನ್. ಮಿಲಿಟರಿ, ಪೊಲೀಸ್ ಬ್ಯಾಂಡುಗಳಲ್ಲಿ ಇದನ್ನು ನುಡಿಸುವವರನ್ನು ಸಾಮಾನ್ಯವಾಗಿ ಮುಂದಿನ ಸಾಲಿಗೇ ನಿಲ್ಲಿಸುತ್ತಾರೆ. ಹಿಂದೆ ನಿಂತರೆ ಚಾಚಿದ ಕೊಳವೆ ಮುಂದಿನವರ ಬೆನ್ನಿಗೆ ತಾಗುತ್ತದೆ. ಎಂಟು ವರ್ಷದವನಿದ್ದಾಗ ರಸ್ತೆಯಂಚಿನ ಕಾಂಪೌಂಡ್ ಗೋಡೆಯ ಮೇಲೆ ಕೂತು ಅದನ್ನು ನೋಡಿದೆ. ಆ ಸಾಲು ದಾಟಿ ಹೋದ ಮೇಲೆ ಆನೆ, ಅಂಬಾರಿ ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ವಾದ್ಯ ನುಡಿಸಲು ತೊಡಗಿ ಈಗ ಮೂವತ್ತು ವರ್ಷವಾಯಿತು. ಈವರೆಗೆ ನುಡಿಸಿದ್ದೆಲ್ಲ ಕೊಂಡ ವಾದ್ಯಗಳು. ಕಳೆದ ವರ್ಷ ಮೊದಲ ಬಾರಿಗೆ ಒಂದನ್ನು ಮಾಡಿಸಿದೆ. ಅದರ ಕಥೆ ಹೇಳುವುದಕ್ಕೆ ಇವತ್ತು ಈ ಸ್ಟುಡಿಯೋದಲ್ಲಿ ನಿಮ್ಮ ಮುಂದೆ ಕೂತಿದ್ದೇನೆ.

ಮಾಡಿಸುವ ಅಗತ್ಯ ಹುಟ್ಟಿದ್ದು ಒಂದು ಸ್ವರದಿಂದ. ಕರ್ನಾಟಕ ಸಂಗೀತದ ಪಾಠಕ್ಕೆ ಕೂತ ಮಗು ಮೊದಲು ಕಲಿಯುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆ. ಸ, ರಿ, ಗ, ಮ. ಹಾರ್ಮೋನಿಯಂ ಮೇಲೆ ಸ ಮತ್ತು ಈ ರಾಗದ ರಿ, ಅಂದರೆ ಶುದ್ಧ ರಿಷಭ, ಅಕ್ಕಪಕ್ಕದ ಮನೆಗಳು. ಟ್ರಾಂಬೋನಿನಲ್ಲಿ ಹಾಗಿಲ್ಲ. ಇದರ ಚಾಚುವ ಕೊಳವೆಗೆ, ಅಂದರೆ ಸ್ಲೈಡಿಗೆ, ಏಳು ಸ್ಥಾನ. ಸ್ಲೈಡ್ ಪೂರ್ತಿ ಒಳಗಿರುವುದು ಒಂದನೆಯದು, ತೋಳು ಪೂರ್ತಿ ಚಾಚಿದರೆ ಏಳನೆಯದು. ತುಟಿಯ ಬಿಗಿ ಬದಲಿಸಿದರೆ ಒಂದೇ ಸ್ಥಾನದಲ್ಲಿ ಹಲವು ಸ್ವರಗಳು ಹುಟ್ಟುತ್ತವೆ. ವಾದ್ಯದ ಮೂಲ ಶ್ರುತಿಯನ್ನೇ ಆಧಾರ ಮಾಡಿಕೊಂಡರೆ ಸ, ಪ, ಮೇಲಿನ ಸ ಮೂರೂ ಒಂದನೇ ಸ್ಥಾನದಲ್ಲಿವೆ. ಮ ಮೂರರಲ್ಲಿ, ಗ ನಾಲ್ಕರಲ್ಲಿ. ಆ ಶುದ್ಧ ರಿಷಭವೋ, ಏಳರಲ್ಲಿ! ಸ ಆದ ಕೂಡಲೆ ರಿ ಹಿಡಿಯಲು ಕೈ ಸುಮಾರು 57 ಸೆಂಟಿಮೀಟರ್ ದೂರ ಓಡಬೇಕು. ಮೊದಲನೇ ಕಾಲದ ನಿಧಾನದಲ್ಲಿ ಹೇಗೋ ಆಗುತ್ತದೆ. ಮೂರನೇ ಕಾಲದ ವೇಗಕ್ಕೆ ಹೋದರೆ ಸ್ವರ ಬರುವ ಮೊದಲೇ ತಾಳ ಮುಂದೆ ಹೋಗಿರುತ್ತದೆ. ನನ್ನ ತೋಳು ಗಿಡ್ಡ. ಏಳನೇ ಸ್ಥಾನಕ್ಕೆ ಭುಜ ತಿರುಗಿಸಿ, ಬೆರಳ ತುದಿಯಲ್ಲಿ ಸ್ಲೈಡ್ ಹಿಡಿಯಬೇಕಾಗುತ್ತದೆ.

ಇದಕ್ಕೊಂದು ಹಳೆಯ ಪರಿಹಾರವಿದೆ. 1839ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಕ್ರಿಶ್ಚಿಯನ್ ಫ್ರೆಡ್ರಿಕ್ ಸಾಟ್ಲರ್ ಎಂಬ ವಾದ್ಯ ತಯಾರಕ ಟ್ರಾಂಬೋನಿನ ಹಿಂಭಾಗಕ್ಕೆ ಒಂದು ವಾಲ್ವ್ ಕೂರಿಸಿದ. ಎಡಗೈ ಹೆಬ್ಬೆರಳಿನಿಂದ ಸನ್ನೆ ಒತ್ತಿದರೆ ಗಾಳಿ ಇನ್ನೂ 90 ಸೆಂಟಿಮೀಟರಿನಷ್ಟು ಕೊಳವೆಯನ್ನು ಸುತ್ತಿ ಬರುತ್ತದೆ. ಇಡೀ ವಾದ್ಯದ ಶ್ರುತಿ ಬಿ ಫ್ಲಾಟ್‌ನಿಂದ ಎಫ್‌ಗೆ ಇಳಿಯುತ್ತದೆ. ಇದಕ್ಕೆ ಎಫ್ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಹೆಬ್ಬೆರಳು ಒತ್ತಿಕೊಂಡರೆ ನನ್ನ ರಿಷಭ 11 ಸೆಂಟಿಮೀಟರ್ ದೂರದಲ್ಲೇ ಸಿಗುತ್ತದೆ. 57ರ ಜಾಗದಲ್ಲಿ 11!

ಹಾಗಿದ್ದರೆ ವಾಲ್ವ್ ಇರುವ ಒಂದನ್ನು ಅಂಗಡಿಯಿಂದ ತಂದರಾಯಿತಲ್ಲ ಎಂದು ನೀವು ಕೇಳಬಹುದು. ತಂದಿದ್ದೆ. ವರ್ಷಗಟ್ಟಲೆ ಅದನ್ನೇ ನುಡಿಸಿದೆ. ಆದರೆ ಅಂಗಡಿಯಲ್ಲಿ ಸಿಗುವ ವಾಲ್ವಿನ ಟ್ರಾಂಬೋನುಗಳಲ್ಲಿ ಹೆಚ್ಚಿನವು ದೊಡ್ಡ ಬೋರಿನವು, ಅಂದರೆ ಕೊಳವೆಯ ಒಳವ್ಯಾಸ ದೊಡ್ಡದು, ಸುಮಾರು 13.9 ಮಿಲಿಮೀಟರ್. ಸಿಂಫನಿ ಆರ್ಕೆಸ್ಟ್ರಾಗಳ ತುಂಬುನಾದಕ್ಕೆ ಅದೇ ಸರಿ. ಸಣ್ಣ ಬೋರಿನದು ಸುಮಾರು 12.7 ಅಥವಾ ಅದಕ್ಕೂ ಕಡಿಮೆ. ಒಂದು ಚಿಲ್ಲರೆ ಮಿಲಿಮೀಟರಿನಲ್ಲಿ ಏನಿದೆ? ನಮ್ಮ ಅಜ್ಜಿಯರು ಒಲೆ ಊದುತ್ತಿದ್ದ ಊದುಗೊಳವೆ ನೆನಪಿಸಿಕೊಳ್ಳಿ. ಸಪೂರವಾದಷ್ಟೂ ಉಸಿರು ಒಂದೇ ಕಡೆ ಹೋಗಿ ಕೆಂಡ ತಟ್ಟನೆ ಹೊತ್ತುತ್ತದೆ. ಸಣ್ಣ ಬೋರಿನ ಟ್ರಾಂಬೋನ್ ಹಾಗೆ ತಟ್ಟನೆ ಮಾತಾಡುತ್ತದೆ, ನಾದದಲ್ಲಿ ಬೆಳಕು ಹೆಚ್ಚು. ಅಮೆರಿಕದ ಟ್ರಾಂಬೋನ್ ವಾದಕ ಟಾಮಿ ಡಾರ್ಸಿ ಒಂದೇ ಉಸಿರಿನಲ್ಲಿ ಹರಿಸಿದಂತೆ ನುಡಿಸಿದ್ದು ಸಣ್ಣ ಬೋರಿನಲ್ಲಿ. ಜೆ. ಜೆ. ಜಾನ್ಸನ್ ಜಾಝ್‌ನ ಅತಿ ದ್ರುತ ಗತಿಯನ್ನು ಸ್ಲೈಡಿನಲ್ಲೇ ತೆಗೆದದ್ದೂ ಅಂಥದರಲ್ಲೇ. ಕೇಳಿದವರು ಅದು ಸ್ಲೈಡೇ ಇಲ್ಲದೆ ಬರೀ ವಾಲ್ವುಗಳಲ್ಲಿ ನುಡಿಸುವ ಟ್ರಾಂಬೋನ್ ಇರಬೇಕು ಅಂದುಕೊಳ್ಳುತ್ತಿದ್ದರಂತೆ. ಒಂದು ತಬಲಾ, ಒಂದು ಕೀಬೋರ್ಡ್ ಜೊತೆ ಚಿಕ್ಕ ಕೋಣೆಯಲ್ಲಿ ನುಡಿಸುವ ನನಗೆ ಬೇಕಾಗಿದ್ದದ್ದು ಆ ನಾದ. ಜೊತೆಗೆ ಸಾಟ್ಲರನ ವಾಲ್ವೂ ಬೇಕು.

ಕಷ್ಟ ಇರುವುದು ಇಲ್ಲೇ. ಸಣ್ಣ ಬೋರಿನ ಸೊಗಸೆಲ್ಲ ಅದರ ಹಗುರಿನಲ್ಲಿದೆ. ಸ್ಲೈಡ್ ದಾಟಿದ ಗಾಳಿ ಕತ್ತಿನ ಕೊಳವೆಯಲ್ಲಿ ಮೆಲ್ಲಗೆ ಅಗಲವಾಗುತ್ತ ಬೆಲ್ ಎನ್ನುವ ಅಗಲ ಬಾಯಿಯ ಕಡೆ ಹೋಗುತ್ತದೆ. ವಾಲ್ವ್ ಕೂರಿಸಬೇಕಾದದ್ದು ಸರಿಯಾಗಿ ಆ ಜಾಗದಲ್ಲೇ. ಅಲ್ಲಿ ತೂಕ ಬೀಳುತ್ತದೆ, ಗಾಳಿಯ ದಾರಿ ತಿರುಗುತ್ತದೆ. ಒಬ್ಬ ಒಳ್ಳೆಯ ವಾದ್ಯ ತಯಾರಕ ಅದನ್ನು ಹೇಗೆ ನಿಭಾಯಿಸುತ್ತಾನೆ ಎನ್ನುವುದರಲ್ಲಿ ಈ ಕಸುಬಿನ ಹಿರಿಮೆ ಕಾಣುತ್ತದೆ.

ಅಮೆರಿಕದ ಎಡ್ವರ್ಡ್ಸ್, ಶೈರ್ಸ್, ಇಂಗ್ಲೆಂಡಿನ ಮೈಕೆಲ್ ರಾತ್ ಮುಂತಾದವರು ಟ್ರಾಂಬೋನನ್ನು ಬಿಡಿಭಾಗಗಳಾಗಿ ಆರಿಸಿಕೊಳ್ಳುವಂತೆ ಮಾಡುತ್ತಾರೆ. ಬೆಲ್ ಒಂದು, ಸ್ಲೈಡ್ ಒಂದು, ವಾಲ್ವ್ ಒಂದು. ನಾನು ಆರಿಸಿಕೊಂಡದ್ದು ಅವರಿಗಿಂತ ಚಿಕ್ಕದಾದ ಒಂದು ಕಾರ್ಯಾಗಾರವನ್ನು. ಮೊದಲು ಪ್ರಶ್ನೆಗಳು ಬಂದವು. ಏನು ನುಡಿಸುತ್ತೀರಿ, ಯಾರ ಜೊತೆ, ಎಷ್ಟು ದೊಡ್ಡ ಕೋಣೆಯಲ್ಲಿ? ಬಿಳಿ ಹಾಳೆಯ ಮೇಲೆ ಎಡಗೈ ಇಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿ ಎಂದರು. ವಾದ್ಯದ ಭಾರ ಪೂರ್ತಿ ಹೊರುವುದು ಎಡಗೈ, ಆ ಭಾರ ಹೊತ್ತುಕೊಂಡೇ ಹೆಬ್ಬೆರಳು ಸನ್ನೆ ಒತ್ತಬೇಕು. ಹಾಳೆಯ ಮೇಲಿನ ನನ್ನ ಕೈಯನ್ನು ನೋಡಿ ಅವರು ಸನ್ನೆಯ ಬಾಗು ತೀರ್ಮಾನಿಸಿದರು.

ಬೆಲ್ಲಿಗೆ ಹಳದಿ ಹಿತ್ತಾಳೆ ಆರಿಸಿದೆ. ಅದರಲ್ಲಿ ತಾಮ್ರ 70 ಪಾಲು, ಸತು 30. ತಾಮ್ರ 85 ಪಾಲಿರುವ ಕೆಂಪು ಛಾಯೆಯದೂ ಇದೆ. ಅದರ ನಾದಕ್ಕೆ ಬಿಸುಪು ಹೆಚ್ಚು, ಆದರೆ ಅಂಚು ಮೃದು. ವಾಲ್ವಿನ ವಿಷಯಕ್ಕೆ ಬಹಳ ದಿನ ಯೋಚಿಸಿದೆ. ಗಾಳಿ ಹೆಚ್ಚು ತಿರುಗದಂತೆ ಶಂಕುವಿನ ಆಕಾರದಲ್ಲಿ ಮಾಡಿದ ಥೇಯರ್ ವಾಲ್ವ್ ಇದೆ, ಸ್ವಿಟ್ಜರ್ಲೆಂಡಿನ ಹಾಗ್‌ಮನ್ ವಾಲ್ವ್ ಇದೆ. ಎರಡೂ ಒಳ್ಳೆಯವೇ. ಕೊನೆಗೆ ಹಳೆಯ ಕಾಲದ ಸಾದಾ ರೋಟರಿ ವಾಲ್ವನ್ನೇ ಆರಿಸಿದೆ. ಇಷ್ಟು ಚಿಕ್ಕ ವಾದ್ಯದ ಮೈಮೇಲೆ ಅದು ಹಗುರವಾಗಿ ಕೂರುತ್ತದೆ. ಸ್ಲೈಡಿನಿಂದಾಗಿ ಟ್ರಾಂಬೋನ್ ಯಾವಾಗಲೂ ಮುಂದಕ್ಕೆ ವಾಲುತ್ತದೆ. ವಾಲ್ವ್ ಇಲ್ಲದವುಗಳ ಹಿಂಭಾಗಕ್ಕೆ ಲೋಹದ ಗುಂಡೊಂದನ್ನು ಕಟ್ಟುವುದೂ ಉಂಟು. ನನ್ನದಕ್ಕೆ ಅದು ಬೇಕಾಗಲಿಲ್ಲ, ವಾಲ್ವಿನ ತೂಕವೇ ಸರಿದೂಗಿಸಿತು.

ವಾದ್ಯ ತರಲು ನಾನೇ ಹೋದೆ. ಮಾಡಿದವರು ವಾದ್ಯ ಕೈಗೆ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ ತೋರಿಸಿದರು. ಸ್ಲೈಡನ್ನು ನೆಟ್ಟಗೆ ಹಿಡಿದು ಹೊರಕೊಳವೆಯನ್ನು ಬಿಟ್ಟರು. ಎಲ್ಲೂ ತಡೆಯದೆ, ಬಾವಿಯೊಳಗೆ ಹಗ್ಗ ಇಳಿದ ಹಾಗೆ ಸದ್ದಿಲ್ಲದೆ ಇಳಿಯಿತು. ಆಮೇಲೆ ವಾಲ್ವಿನ ಸುರುಳಿಯ ಶ್ರುತಿಕೊಳವೆಯನ್ನು ಹೊರಗೆಳೆದು, ಹತ್ತು ಎಣಿಸುವಷ್ಟು ಹೊತ್ತು ಕಾದು, ಸನ್ನೆ ಒತ್ತಿದರು. ‘ಟಪ್’ ಎಂದಿತು. ಒಳಗೆ ಹೊರಗಿನ ಗಾಳಿ ನುಸುಳಿಲ್ಲ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಒಳಗೆ ತಿರುಗುವ ಉರುಳೆಗೂ ಹೊರಗಿನ ಕವಚಕ್ಕೂ ನಡುವಿನ ಸಂದು ತಲೆಗೂದಲ ದಪ್ಪಕ್ಕಿಂತ ಕಡಿಮೆ.

ನುಡಿಸಿದೆ. ಎಲ್ಲ ಸ್ವರಗಳೂ ನಗುನಗುತ್ತ ಬಂದವು, ಪಂಚಮ ಒಂದು ಮಾತ್ರ ಮುಸುಕು ಹೊದ್ದಂತಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು ವಾದ್ಯ ಹಿಂದಕ್ಕೆ ತೆಗೆದುಕೊಂಡರು. ವಾಲ್ವಿಗೂ ಬೆಲ್ಲಿಗೂ ನಡುವಿನ ಒಂದು ಅಡ್ಡಕಂಬಿಗೆ ಸಣ್ಣ ಉರಿ ಹಿಡಿದರು. ಬೆಸುಗೆ ಕರಗಿ ಹೊಳೆಯಿತು, ಕೊಳವೆ ಕಂಡೂ ಕಾಣದಷ್ಟು ಅಲುಗಿ ತನ್ನ ಪಾಡಿಗೆ ಕೂತಿತು. ಎಳೆದುಕಟ್ಟಿದ ಬೆಸುಗೆ ಲೋಹವನ್ನು ಬಿಗಿದು ನಾದವನ್ನು ಹಿಡಿದಿಡುತ್ತದೆ, ಕೊಳವೆಗಳು ತಾವಾಗಿಯೇ ಸೇರಬೇಕು ಎಂದರು. ಮತ್ತೆ ನುಡಿಸಿದೆ. ಪಂಚಮದ ಮುಸುಕು ಸರಿದಿತ್ತು. ಆ ಕಂಬಿಯ ಹತ್ತಿರ ಮೆರುಗು ಸುಟ್ಟ ಉಗುರಗಲದ ಕಲೆ ಇನ್ನೂ ಇದೆ. ತೆಗೆಸಲಿಲ್ಲ.

ಒಂದು ಮಾತು ಹೇಳಲೇಬೇಕು. ವಾಲ್ವ್ ಬಂದಿತೆಂದು ಏಳನೇ ಸ್ಥಾನವನ್ನು ನಾನು ಬಿಟ್ಟಿಲ್ಲ. ಏಳರಲ್ಲಿ ರಿ, ನಾಲ್ಕರಲ್ಲಿ ಗ, ಮೂರರಲ್ಲಿ ಮ, ಒಂದರಲ್ಲಿ ಪ. ಇವು ನಾಲ್ಕೂ ತುಟಿಯ ಒಂದೇ ಬಿಗಿಯಲ್ಲಿ ಬರುತ್ತವೆ. ಸ್ಲೈಡ್ ಒಳಗೆ ಎಳೆಯುತ್ತ ಬಂದರೆ ರಿಷಭದಿಂದ ಪಂಚಮದವರೆಗೆ ಒಂದೇ ಜಾರು, ನಡುವೆ ಒಂದು ಗಂಟೂ ಇಲ್ಲ. ಹಿತ್ತಾಳೆ ವಾದ್ಯಗಳಲ್ಲಿ ಬೇರೆ ಯಾವುದು ಇಷ್ಟು ಸರಾಗವಾಗಿ ಜಾರೀತು? ಹೆಬ್ಬೆರಳು ಒತ್ತಿ ರಿ ತೆಗೆದರೆ ಆ ಜಾರು ಕಡಿದುಹೋಗುತ್ತದೆ, ವೇಗ ಸಿಗುತ್ತದೆ. ವಿಳಂಬಕ್ಕೆ ತೋಳು, ದ್ರುತಕ್ಕೆ ಹೆಬ್ಬೆರಳು ಎಂದು ನಾನು ಈಗ ಅಭ್ಯಾಸ ಮಾಡುತ್ತಿದ್ದೇನೆ.

ವಾದ್ಯವನ್ನು ಸ್ಟುಡಿಯೋಗೆ ತಂದಿದ್ದೇನೆ. ಮಾಯಾಮಾಳವಗೌಳದ ಸರಳೆ ವರಸೆ ನುಡಿಸುತ್ತೇನೆ. ಮೊದಲನೇ ಕಾಲದಲ್ಲಿ ವಾಲ್ವ್ ಮುಟ್ಟದೆ, ಬರೀ ತೋಳಿನಲ್ಲಿ. ಆಮೇಲೆ ಮೂರನೇ ಕಾಲದಲ್ಲಿ, ಹೆಬ್ಬೆರಳು ಒತ್ತಿ. ಎರಡೂ ಸಲ ರಿಷಭದ ಕಡೆ ಸ್ವಲ್ಪ ಕಿವಿಗೊಡಿ.