ಅಂಕಿಯ ಸಾಕ್ಷಿ: ಬೇಸ್‌ಬಾಲ್ ದಾಖಲೆಗಳೂ ಉದ್ದೀಪನ ಮದ್ದೂ



ದೈಹಿಕ ಶಿಕ್ಷಣದ ಮೇಷ್ಟರೊಬ್ಬರ ನೆನಪಿಗಾಗಿ ನಡೆಯುತ್ತಿರುವ ಉಪನ್ಯಾಸ ಇದು. ಕ್ರೀಡೆಯ ನೀತಿಯ ಬಗ್ಗೆ ಏನಾದರೂ ಮಾತಾಡಿ ಎಂದು ಕೇಳಿದಾಗ, ನಮ್ಮ ಬಯಲುಗಳಲ್ಲಿ ಅಷ್ಟಾಗಿ ಕಾಣದ ಅಮೆರಿಕದ ಬೇಸ್‌ಬಾಲನ್ನು ಆರಿಸಿಕೊಂಡೆ. ಅಂಕಿಗಳನ್ನು ಇಷ್ಟು ಅಕ್ಕರೆಯಿಂದ ಕಾಪಾಡಿಕೊಂಡು ಬಂದ ಆಟ ಇನ್ನೊಂದು ಸಿಗುವುದು ಕಷ್ಟ. ಅಲ್ಲಿಯ ಅಭಿಮಾನಿಯ ಮುಂದೆ 60 ಎನ್ನಿ, 61 ಎನ್ನಿ, 755 ಎನ್ನಿ. ಆಟಗಾರನ ಹೆಸರನ್ನು ಅವನೇ ಹೇಳುತ್ತಾನೆ.

ಕಾಲೇಜಿನ ದಿನಗಳಲ್ಲಿ ನಾನು ಕ್ರಿಕೆಟ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂರುತ್ತಿದ್ದೆ. ಅಂಪೈರ್ ಕೊಟ್ಟ ಔಟ್ ತಪ್ಪು ಎಂದು ಕಣ್ಣಿಗೆ ಕಂಡರೂ ಪುಸ್ತಕದಲ್ಲಿ ಔಟ್ ಎಂದೇ ಬರೆಯಬೇಕು. ಆ ಕಟ್ಟುಪಾಡು ನನ್ನ ಮೈಗೆ ಹತ್ತಿದೆ. ಇವತ್ತಿನ ನನ್ನ ಮಾತೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಚೆಂಡನ್ನು ಬೇಲಿಯಾಚೆ ಹೊಡೆದು ಅಟ್ಟುವುದು ಹೋಮ್ ರನ್. ನಮ್ಮ ಸಿಕ್ಸರಿಗೆ ಹತ್ತಿರದ್ದು. 1927ರಲ್ಲಿ ಬೇಬ್ ರೂತ್ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದರು. 1961ರಲ್ಲಿ ರೋಜರ್ ಮಾರಿಸ್ 61 ಹೊಡೆದರು. ಆಮೇಲೆ 37 ವರ್ಷ ಆ 61ನ್ನು ಯಾರೂ ದಾಟಲಿಲ್ಲ. 1998ರಿಂದ 2001ರೊಳಗೆ, ನಾಲ್ಕೇ ಋತುಗಳಲ್ಲಿ, ಅದನ್ನು ಆರು ಸಲ ದಾಟಲಾಯಿತು. ಮಾರ್ಕ್ ಮೆಕ್‌ಗ್ವೈರ್ 70 ಮತ್ತು 65, ಸ್ಯಾಮಿ ಸೋಸಾ 66, 63 ಮತ್ತು 64, ಬ್ಯಾರಿ ಬಾಂಡ್ಸ್ 73. ಸೋಸಾ ಮೂರು ಋತುಗಳಲ್ಲಿ 60 ದಾಟಿದರು. ಆ ಮೂರರಲ್ಲಿ ಒಂದರಲ್ಲೂ ಅವರು ಲೀಗಿನ ಮೊದಲಿಗರಾಗಲಿಲ್ಲ.

ಆ ಉಬ್ಬರದ ಹಿಂದೆ ಏನಿತ್ತು ಎಂಬುದು ನಿಧಾನವಾಗಿ ಹೊರಬಂತು. 1998ರ ಆಗಸ್ಟಿನಲ್ಲಿ ಮೆಕ್‌ಗ್ವೈರ್ ಅವರ ಲಾಕರಿನಲ್ಲಿ ಆಂಡ್ರೊಸ್ಟೆನಿಡಿಯೋನ್ ಎಂಬ ಮದ್ದಿನ ಬಾಟಲಿಯೊಂದು ಸುದ್ದಿಗಾರರ ಕಣ್ಣಿಗೆ ಬಿತ್ತು. ಒಲಿಂಪಿಕ್ಸಿನಲ್ಲಿ ಅದಕ್ಕೆ ನಿಷೇಧವಿತ್ತು, ಬೇಸ್‌ಬಾಲಿನಲ್ಲಿ ಇರಲಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. 2010ರ ಜನವರಿಯಲ್ಲಿ ಮೆಕ್‌ಗ್ವೈರ್ ಸ್ಟೀರಾಯ್ಡ್ ಬಳಸಿದ್ದನ್ನು ತಾವೇ ಒಪ್ಪಿಕೊಂಡರು. ಬಾಂಡ್ಸ್ ಅವರದು ಕ್ರೀಡಾಪಟುಗಳಿಗೆ ಮದ್ದು ಒದಗಿಸುತ್ತಿದ್ದ ಬಾಲ್ಕೊ ಎಂಬ ಕ್ಯಾಲಿಫೋರ್ನಿಯಾದ ಪ್ರಯೋಗಾಲಯದೊಂದಿಗೆ ತಳುಕು ಹಾಕಿಕೊಂಡ ಕತೆ. ಗ್ರ್ಯಾಂಡ್ ಜ್ಯೂರಿಯ ಮುಂದೆ ಅವರು ಕೊಟ್ಟ ಹೇಳಿಕೆ 2004ರಲ್ಲಿ ಪತ್ರಿಕೆಗೆ ಸೋರಿತು: ತರಬೇತುದಾರ ಕೊಟ್ಟದ್ದು ಅಗಸೆ ಎಣ್ಣೆ ಮತ್ತು ಕೀಲುನೋವಿನ ಮುಲಾಮು ಎಂದು ತಿಳಿದಿದ್ದರಂತೆ. ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧಕ್ಕೆ 2011ರಲ್ಲಿ ಅವರ ವಿರುದ್ಧ ತೀರ್ಪು ಬಂತು. 2015ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಬೇಸ್‌ಬಾಲಿನಲ್ಲಿ ಮದ್ದಿನ ಬಳಕೆಯ ತನಿಖೆ ಮಾಡಿದ 2007ರ ಡಿಸೆಂಬರಿನ ಮಿಚೆಲ್ ವರದಿ 89 ಆಟಗಾರರನ್ನು ಹೆಸರಿಸಿತು.

ಸ್ಟೀರಾಯ್ಡ್ ಯಾರಿಗೂ ಚೆಂಡು ಹೊಡೆಯಲು ಕಲಿಸುವುದಿಲ್ಲ ಎನ್ನುವವರಿದ್ದಾರೆ. ಮಾತು ನಿಜವೇ. ಗಂಟೆಗೆ 90 ಮೈಲಿ ವೇಗದಲ್ಲಿ ಬರುವ ಚೆಂಡನ್ನು ಅರ್ಧ ಸೆಕೆಂಡಿಗೂ ಮೊದಲೇ ಗುರುತಿಸುವ ಕಣ್ಣು ಯಾವ ಸೂಜಿಯಿಂದಲೂ ಬರುವುದಿಲ್ಲ. ಆದರೆ ಟಫ್ಟ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರೋಜರ್ ಟೋಬಿನ್ 2008ರಲ್ಲಿ ಹಾಕಿದ ಲೆಕ್ಕ ನೋಡಿ. ಸ್ನಾಯು ಶೇ. 10ರಷ್ಟು ಹೆಚ್ಚಿದರೆ ಬ್ಯಾಟಿನ ವೇಗ ಸುಮಾರು ಶೇ. 5ರಷ್ಟು ಏರುತ್ತದೆ, ಬ್ಯಾಟಿನಿಂದ ಚಿಮ್ಮುವ ಚೆಂಡಿನ ವೇಗ ಸುಮಾರು ಶೇ. 4ರಷ್ಟು. ಇಷ್ಟಕ್ಕೇ ಹೋಮ್ ರನ್ನುಗಳು ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಬಹುದು. ಒಳ್ಳೆಯ ಬ್ಯಾಟರ್ ಹೊಡೆದ ಎಷ್ಟೋ ಚೆಂಡುಗಳು ಬೇಲಿಯ ಬುಡದಲ್ಲಿ ಕ್ಯಾಚ್ ಆಗುತ್ತವೆ. ನಾಲ್ಕು ಹೆಜ್ಜೆ ಮುಂದೆ ಬಿದ್ದಿದ್ದರೆ ಅವು ಹೋಮ್ ರನ್. ಮದ್ದು ದುಡಿಯುವುದು ಆ ನಾಲ್ಕು ಹೆಜ್ಜೆಯಲ್ಲಿ. ಜೊತೆಗೆ, ಆರು ತಿಂಗಳಲ್ಲಿ 162 ಪಂದ್ಯ ಆಡಿ ದಣಿದ ಮೈ ಬೇಗ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಮದ್ದಿನಿಂದ ಹೆಚ್ಚು ಗಳಿಸುವವರು ಮೊದಲೇ ದೊಡ್ಡ ಆಟಗಾರರಾಗಿದ್ದವರು. ಮದ್ದಿನ ಆರೋಪಗಳ ಕಾಲಕ್ಕೆ ಮೊದಲೇ, 1998ರ ಕೊನೆಗೆ, ಬಾಂಡ್ಸ್ ಹೆಸರಿನಲ್ಲಿ 411 ಹೋಮ್ ರನ್ ಇದ್ದವು, ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರು ಸಲ ಬಂದಿತ್ತು. ಅವರ ತಂದೆ ಬಾಬಿ ಬಾಂಡ್ಸ್ ಹೆಸರಾಂತ ಆಟಗಾರ, ಧರ್ಮಪಿತ ವಿಲ್ಲಿ ಮೇಸ್. ಏನೂ ಕಡಿಮೆ ಇಲ್ಲದ ಮನುಷ್ಯ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಆ ದಾಖಲೆಗಳನ್ನು ಅಳಿಸಿಬಿಡಬಾರದೆ? ಓಟದಲ್ಲಿ ಹಾಗೆ ಮಾಡುತ್ತಾರೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಮದ್ದು ಸೇವಿಸಿದ್ದ ಓಟಗಾರ ಬೆನ್ ಜಾನ್ಸನ್ ಅವರ 9.79 ಸೆಕೆಂಡ್ ಅಳಿಸಿಹೋಯಿತು. ಅಲ್ಲಿ ಒಬ್ಬನ ಸಾಲು ಹೊಡೆದರೆ ಹಿಂದಿನವನು ಮುಂದಕ್ಕೆ ಬರುತ್ತಾನೆ, ಅಷ್ಟೆ. ಬೇಸ್‌ಬಾಲಿನ ಲೆಕ್ಕ ಜಮಾ-ಖರ್ಚಿನ ಪುಸ್ತಕ ಇದ್ದ ಹಾಗೆ. ಬಾಂಡ್ಸ್ ಹೊಡೆದ ಒಂದು ಹೋಮ್ ರನ್ ಅಳಿಸಿದರೆ, ಚೆಂಡು ಎಸೆದ ಪಿಚರನ ಲೆಕ್ಕ, ಆಗ ಬೇಸಿನ ಮೇಲೆ ನಿಂತಿದ್ದವರ ಓಟ, ಪಂದ್ಯದ ಫಲಿತಾಂಶ ಎಲ್ಲವನ್ನೂ ತಿದ್ದಬೇಕು. ಆ ಪಿಚರ್ ಕೂಡ ಮದ್ದು ತೆಗೆದುಕೊಂಡಿದ್ದರೆ? ಮಿಚೆಲ್ ವರದಿಯಲ್ಲಿ ಪಿಚರುಗಳ ಹೆಸರೂ ಸಾಕಷ್ಟಿವೆ.

ಆ ದಾಖಲೆಗಳ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎನ್ನುವವರಿದ್ದಾರೆ. 1961ರಲ್ಲಿ ಕಮಿಷನರ್ ಫೋರ್ಡ್ ಫ್ರಿಕ್, ರೂತ್ ಕಾಲದ 154 ಪಂದ್ಯಗಳೊಳಗೆ ಮುರಿಯದ ದಾಖಲೆಗೆ ಬೇರೆ ಗುರುತು ಇರಬೇಕು ಎಂದರು. ಪುಸ್ತಕದಲ್ಲಿ ನಕ್ಷತ್ರವೇನೂ ಅಚ್ಚಾಗಲಿಲ್ಲ. ರೂತ್‌ಗೆ ಒಂದು, ಮಾರಿಸ್‌ಗೆ ಒಂದು ಎಂದು ಎರಡು ಸಾಲುಗಳಾದವು. ತಪ್ಪೇನೂ ಮಾಡದ ಮಾರಿಸ್ ಆ ಎರಡನೆಯ ಸಾಲನ್ನು ಬಾಳೆಲ್ಲ ಹೊತ್ತರು. ಅವರು ತೀರಿಕೊಂಡದ್ದು 1985ರಲ್ಲಿ. ಸಾಲುಗಳು ಒಂದಾದದ್ದು 1991ರಲ್ಲಿ.

ಇನ್ನೂ ಹಿಂದಕ್ಕೆ ಹೋದರೆ, ರೂತ್ 60 ಹೊಡೆದ ಲೀಗಿನಲ್ಲಿ ಕರಿಯ ಆಟಗಾರರಿಗೆ ಪ್ರವೇಶವೇ ಇರಲಿಲ್ಲ. ಜ್ಯಾಕಿ ರಾಬಿನ್ಸನ್ ಆ ಬಾಗಿಲು ತೆರೆದದ್ದು 1947ರ ಏಪ್ರಿಲ್ 15ರಂದು. ನೀಗ್ರೊ ಲೀಗಿನ ಮಹಾ ಬ್ಯಾಟರ್ ಜಾಶ್ ಗಿಬ್ಸನ್ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. 2024ರಲ್ಲಿ ಆ ಲೀಗುಗಳ ಲೆಕ್ಕ ಮುಖ್ಯ ಪುಸ್ತಕಕ್ಕೆ ಸೇರಿ, ಗಿಬ್ಸನ್ ಅವರ ಬ್ಯಾಟಿಂಗ್ ಸರಾಸರಿ .372 ಎಲ್ಲರಿಗಿಂತ ಮೇಲೆ ನಿಂತಿತು. ಪುಸ್ತಕ ಯಾವತ್ತೂ ಪೂರ್ತಿ ನ್ಯಾಯವಾಗಿರಲಿಲ್ಲ ಎಂಬುದು ಸರಿ. ಹಾಗೆಂದು ಮದ್ದನ್ನೂ ಅದೇ ತಕ್ಕಡಿಗೆ ಹಾಕುವುದನ್ನು ನಾನು ಒಪ್ಪಲಾರೆ. ವರ್ಣಭೇದ ಎಲ್ಲರ ಕಣ್ಣೆದುರು ನಡೆದ ಅನ್ಯಾಯ. ಓದುವವನಿಗೆ ಅದು ಗೊತ್ತು, ಲೆಕ್ಕವನ್ನು ಅದರ ಬೆಳಕಿನಲ್ಲೇ ಓದುತ್ತಾನೆ. ಮದ್ದು ಗುಟ್ಟಾಗಿ ನಡೆದದ್ದು. ಯಾವ ಚೆಂಡು ತೋಳಿನ ಬಲದಿಂದ ಹೋಯಿತು, ಯಾವುದು ಮದ್ದಿನ ಬಲದಿಂದ ಎಂದು ಇನ್ನು ಯಾವ ಕಾಲಕ್ಕೂ ಬಿಡಿಸಲಾಗದು.

ಗುಟ್ಟನ್ನು ಆಟಗಾರರಷ್ಟೇ ಕಾಯಲಿಲ್ಲ. 1994ರ ಮುಷ್ಕರದಿಂದ ವರ್ಲ್ಡ್ ಸೀರೀಸೇ ರದ್ದಾಗಿ ಪ್ರೇಕ್ಷಕರು ಮುನಿದಿದ್ದರು. 1998ರ ಹೋಮ್ ರನ್ ಪೈಪೋಟಿ ಅವರನ್ನು ಮರಳಿ ತಂದಿತು. ಸ್ಟೀರಾಯ್ಡ್ ನಿಷಿದ್ಧ ಎಂದು ಕಮಿಷನರ್ ಫೇ ವಿನ್ಸೆಂಟ್ 1991ರಲ್ಲೇ ತಂಡಗಳಿಗೆ ಸುತ್ತೋಲೆ ಕಳಿಸಿದ್ದರೂ ಪರೀಕ್ಷೆ ಶುರುವಾದದ್ದು 2003ರಲ್ಲಿ, ಅದೂ ಹೆಸರಿಲ್ಲದೆ, ಶಿಕ್ಷೆಯಿಲ್ಲದೆ. ಶೇ. 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಸಿಕ್ಕಿತು. ಆಮೇಲೆ ಶಿಕ್ಷೆಯ ನಿಯಮ ಬಂತು. ವಿನ್ಸೆಂಟ್ ಅವರ ನಂತರ ಆ ಎಲ್ಲ ಕಾಲಕ್ಕೆ ಆಟದ ಚುಕ್ಕಾಣಿ ಹಿಡಿದಿದ್ದ ಕಮಿಷನರ್ ಬಡ್ ಸೀಲಿಗ್ 2017ರಲ್ಲಿ ಬೇಸ್‌ಬಾಲಿನ ಗೌರವ ಮಂದಿರವಾದ ಹಾಲ್ ಆಫ್ ಫೇಮ್ ಸೇರಿದರು. ಬಾಂಡ್ಸ್ 2022ರಲ್ಲಿ, ತಮ್ಮ ಹತ್ತನೆಯ ಮತ್ತು ಕೊನೆಯ ಮತದಾನದಲ್ಲಿ, ಶೇ. 66 ಮತ ಪಡೆದು ಹೊರಗುಳಿದರು, ಬೇಕಿದ್ದದ್ದು ಶೇ. 75. ಬಾಂಡ್ಸ್ ಅವರನ್ನು ಹೊರಗಿಟ್ಟದ್ದು ನನಗೆ ಸರಿಯೆಂದೇ ಕಾಣುತ್ತದೆ. ಅಂಕಿ ನಡೆದದ್ದನ್ನು ಹೇಳುತ್ತದೆ, ಗೌರವ ನಾವು ಕೊಡುವುದು. ಆದರೆ ಲಾಭ ಕಂಡು ಕಣ್ಣು ಮುಚ್ಚಿದವರನ್ನು ಒಳಗೆ ಕರೆದದ್ದು ಸರಿಯಲ್ಲ.

ಬಾಂಡ್ಸ್ 2007ರ ಆಗಸ್ಟ್ 7ರಂದು ತಮ್ಮ ವೃತ್ತಿಜೀವನದ 756ನೆಯ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ಅವರನ್ನು ದಾಟಿದರು. ಮುಂದೆ 762ಕ್ಕೆ ನಿಂತರು. ರೂತ್ ಅವರ ಜೀವಮಾನದ 714ನ್ನು ಸಮೀಪಿಸಿದ ದಿನಗಳಲ್ಲಿ ಕರಿಯನೆಂಬ ಕಾರಣಕ್ಕೆ ಕೊಲೆ ಬೆದರಿಕೆಯ ಕಾಗದಗಳನ್ನು ಪಡೆದವರು ಆರನ್. ಒಂದು ಋತುವಿನಲ್ಲಿ ಅವರ ಅತಿ ಹೆಚ್ಚು 47. ಐವತ್ತನ್ನು ಒಮ್ಮೆಯೂ ಮುಟ್ಟದೆ, ವರ್ಷ ವರ್ಷ ಕೂಡಿಸಿ 755 ಕಟ್ಟಿದರು. ಬಾಂಡ್ಸ್ ತಮ್ಮನ್ನು ದಾಟಿದ ದಿನ ಸ್ಯಾನ್ ಫ್ರಾನ್ಸಿಸ್ಕೊ ಅಂಗಳದ ದೊಡ್ಡ ಪರದೆಯ ಮೇಲೆ ಆರನ್ ಅವರ ಅಭಿನಂದನೆ ಮೂಡಿತು. ಆ 756ನೆಯ ಚೆಂಡನ್ನು ಏಳೂವರೆ ಲಕ್ಷ ಡಾಲರಿಗೂ ಮೀರಿ ಕೊಂಡ ಉದ್ಯಮಿಯೊಬ್ಬರು ಅಂತರ್ಜಾಲದಲ್ಲಿ ಮತ ಕೇಳಿ, ಅದರ ಮೇಲೆ ನಕ್ಷತ್ರ ಕೊರೆಸಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮಿಗೆ ಕೊಟ್ಟರು.

ಆರನ್ ಅವರಿಗೆ ಜನರ ಮನಸ್ಸಿನಲ್ಲಿ ಜಾಗ ಉಳಿಯಿತು. ನನ್ನನ್ನು ಹೆಚ್ಚು ಕಾಡುವವರು ಮದ್ದಿನವರ ಪಕ್ಕದಲ್ಲೇ ಆಡಿದವರು. ಮದ್ದು ಬೇಡವೆಂದು ಕೆಳಗಿನ ಲೀಗಿನಲ್ಲೇ ಉಳಿದು ಊರಿಗೆ ಮರಳಿದವನಿಗೆ ಪುಸ್ತಕದಲ್ಲಿ ಸಾಲೇ ಇಲ್ಲ. ಸಾಲು ಇದ್ದವರಲ್ಲಿ ಫ್ರೆಡ್ ಮೆಕ್‌ಗ್ರಿಫ್ ಅವರನ್ನು ನೋಡಿ. 1989ರಲ್ಲಿ 36 ಹೊಡೆದು ಅಮೆರಿಕನ್ ಲೀಗಿಗೆ ಮೊದಲಿಗರು, 1992ರಲ್ಲಿ 35 ಹೊಡೆದು ನ್ಯಾಷನಲ್ ಲೀಗಿಗೆ ಮೊದಲಿಗರು. ಆರೇಳು ವರ್ಷಗಳಲ್ಲಿ ಮೊದಲಿಗರ ಅಂಕಿ 70, 65 ಆದಾಗ ಅವರ ಮೂವತ್ತೈದು ಸಾಧಾರಣ ಎನಿಸಿತು. ಅವರ ಹೆಸರಿಗೆ ಮದ್ದಿನ ಆರೋಪ ಅಂಟಲಿಲ್ಲ. 493 ಹೋಮ್ ರನ್ನಿಗೆ ಆಟ ಮುಗಿಸಿದ ಅವರನ್ನು ಪತ್ರಕರ್ತರ ಮತದಾನ ಹತ್ತು ವರ್ಷವೂ ತಿರಸ್ಕರಿಸಿತು. ಕೊನೆಯ ವರ್ಷ ಬಂದದ್ದೇ ಹೆಚ್ಚು, ಶೇ. 39.8.

ಪತ್ರಕರ್ತರು ಆರಿಸದವರನ್ನು ಮತ್ತೆ ಪರಿಶೀಲಿಸಲು 2022ರ ಡಿಸೆಂಬರಿನಲ್ಲಿ ಹದಿನಾರು ಜನರ ಸಮಿತಿಯೊಂದು ಕೂತಿತು. ಬಾಂಡ್ಸ್, ಮಿಚೆಲ್ ವರದಿ ಹೆಸರಿಸಿದ ಪಿಚರ್ ರೋಜರ್ ಕ್ಲೆಮೆನ್ಸ್, ಮೆಕ್‌ಗ್ರಿಫ್ ಮೂವರೂ ಒಂದೇ ಪಟ್ಟಿಯಲ್ಲಿದ್ದರು. ಬಾಂಡ್ಸ್ ಮತ್ತು ಕ್ಲೆಮೆನ್ಸ್‌ಗೆ ತಲಾ ನಾಲ್ಕು ಮತವೂ ಬೀಳಲಿಲ್ಲ. ಮೆಕ್‌ಗ್ರಿಫ್‌ಗೆ ಹದಿನಾರಕ್ಕೆ ಹದಿನಾರು. ಮರುವರ್ಷದ ಜುಲೈಯಲ್ಲಿ ಅವರು ಕೂಪರ್ಸ್‌ಟೌನಿನ ವೇದಿಕೆ ಹತ್ತಿದಾಗ ವಯಸ್ಸು 59. ಕೊನೆಯ ಪಂದ್ಯ ಆಡಿ 19 ವರ್ಷ ಆಗಿತ್ತು.