ಪಗಾರ ನಿಂತ ದಿನ ಯಾವ ಬಾಗಿಲು?

(ಭಂಕೂರಿನಲ್ಲಿ ಕಾರ್ಮಿಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಲೇಖನ ರೂಪ)



ಈ ಸೀಮೆಯ ಅನ್ನ ಸುಣ್ಣದ ಕಲ್ಲಿನಿಂದ ಬಂದದ್ದು. ಶಹಾಬಾದಿನ ಫರಸಿ ಎಲ್ಲೆಲ್ಲಿಯ ಅಂಗಳಗಳಿಗೋ ಹೋಗಿದೆ. ಅದೇ ಕಲ್ಲನ್ನು ಸುಟ್ಟು ಸಿಮೆಂಟ್ ಮಾಡುವ ಕೆಲಸ ನಿಜಾಮರ ಆಳ್ವಿಕೆಯಲ್ಲೇ ಶಹಾಬಾದಿನಲ್ಲಿ ಶುರುವಾಯಿತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಂಪನಿಯೂ ಅದರಲ್ಲಿ ಸೇರಿತು. ಮುಂದೆ ವಾಡಿ, ಮಳಖೇಡ, ಸೇಡಂಗಳಲ್ಲಿ ಚಿಮಣಿಗಳು ಎದ್ದವು.

ಇಲ್ಲಿ ಕೆಲಸ ಕಳೆದುಕೊಂಡವನು ಮೊದಲು ಕೇಳುವ ಪ್ರಶ್ನೆ ‘ನ್ಯಾಯ ಸಿಗುತ್ತದೆಯೆ?’ ಎಂಬುದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಎಲ್ಲಿಗೆ ಹೋಗಬೇಕು?’ ತಪ್ಪು ಬಾಗಿಲು ತಟ್ಟಿ ವರ್ಷಗಳನ್ನು ಕಳೆದವರಿಗೆ ಇದರ ಬೆಲೆ ಗೊತ್ತು.

ಸಾಮಾನ್ಯ ಸಿವಿಲ್ ನ್ಯಾಯಾಲಯದ ದೃಷ್ಟಿಯಲ್ಲಿ ನೌಕರಿ ಒಂದು ಕರಾರು. ಕರಾರು ಮುರಿದರೆ ನಷ್ಟಭರ್ತಿ ಕೊಡಿಸಬಹುದು. ಆದರೆ ಇಷ್ಟವಿಲ್ಲದ ಧಣಿಯ ಬಳಿ ಇಷ್ಟವಿಲ್ಲದ ಆಳನ್ನು ಬಲವಂತದಿಂದ ಇರಿಸುವುದಿಲ್ಲ ಎಂಬುದು ಅದರ ಹಳೆಯ ನಿಯಮ. ಕಾರ್ಮಿಕ ಕಾನೂನು ಮುರಿದದ್ದು ಈ ನಿಯಮವನ್ನೇ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಡಿ, ವಜಾ ಅನ್ಯಾಯವೆಂದು ಕಂಡರೆ ಮರಳಿ ಕೆಲಸವನ್ನೂ ಹಿಂಬಾಕಿ ಪಗಾರವನ್ನೂ ಕೊಡಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಬಂತು. ಆ ಕಾಯಿದೆಯಿಂದಲೇ ಹುಟ್ಟಿದ ಹಕ್ಕಿಗೆ ಆ ಕಾಯಿದೆಯ ದಾರಿಯಲ್ಲೇ ಹೋಗಬೇಕು, ಸಿವಿಲ್ ದಾವೆ ನಡೆಯದು ಎಂದು ಸುಪ್ರೀಂ ಕೋರ್ಟು 1975ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕುಂಟು. ಗಣಿಯ ವಿವಾದ ಕೇಂದ್ರ ಸರಕಾರಕ್ಕೆ ಸೇರಿದ್ದು. ಕಾನೂನಿನ ಮಾತಿನಲ್ಲಿ ಕಲ್ಲಿನ ಖಣಿಯೂ ಗಣಿಯೇ. ಸಿಮೆಂಟನ್ನು ಕೇಂದ್ರವು ನಿಯಂತ್ರಿತ ಉದ್ಯಮವೆಂದು ಅಧಿಸೂಚಿಸಿದ ಕಾರಣ ಆ ಕಾರ್ಖಾನೆಗಳೂ ಕೇಂದ್ರದ ಪಾಲಿಗೆ ಬಂದವು. ಪಕ್ಕದ ಯಂತ್ರ ಕಾರ್ಖಾನೆಯವನ ತಕರಾರು ಮಾತ್ರ ರಾಜ್ಯದ ಕಾರ್ಮಿಕ ಇಲಾಖೆಗೆ ಹೋಗುತ್ತದೆ. ಒಂದೇ ಓಣಿಯ ಅಣ್ಣ-ತಮ್ಮಂದಿರು ಬೇರೆ ಬೇರೆ ಅಧಿಕಾರಿಗಳಿಗೆ ಅರ್ಜಿ ಬರೆಯಬೇಕಾಗುವುದು ಹೀಗೆ.

ಎರಡನೆಯ ವಿಷಯ ಮುದ್ದತಿನದು. 1965ರವರೆಗೆ ಒಬ್ಬ ಕಾರ್ಮಿಕನ ವಜಾ ತಾನಾಗಿಯೇ ಕೈಗಾರಿಕಾ ವಿವಾದ ಆಗುತ್ತಿರಲಿಲ್ಲ. ಸಂಘವೋ ಜೊತೆಯ ಕಾರ್ಮಿಕರೋ ಅದನ್ನು ಎತ್ತಿಕೊಳ್ಳಬೇಕಿತ್ತು. ಆ ವರ್ಷದ ತಿದ್ದುಪಡಿ ಒಂಟಿ ಕಾರ್ಮಿಕನಿಗೂ ದನಿ ಕೊಟ್ಟಿತು. ಆದರೂ ಸರಕಾರ ಪ್ರಕರಣವನ್ನು ಒಪ್ಪಿಸಿದ ಮೇಲೆಯೇ ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಿತ್ತು. ಈ ತಡೆಯನ್ನು ಮೊದಲು ಸರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1988ರ ತಿದ್ದುಪಡಿಯಿಂದ ವಜಾ ಆದವನು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಾಯಿತು. ಇಡೀ ದೇಶಕ್ಕೆ ಅಂಥ ಅವಕಾಶ ಬಂದದ್ದು 2010ರಲ್ಲಿ, ಮೂರು ವರ್ಷದ ಮುದ್ದತಿನೊಂದಿಗೆ.

2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಮುದ್ದತು ಎರಡು ವರ್ಷಕ್ಕೆ ಇಳಿದಿದೆ. ಸಂಹಿತೆಯಲ್ಲಿ ಕಾರ್ಮಿಕ ನ್ಯಾಯಾಲಯ ಎಂಬ ಹೆಸರಿನ ಬದಲು ಕೈಗಾರಿಕಾ ನ್ಯಾಯಮಂಡಳಿ ಎಂಬ ಹೆಸರಿದೆ. ಮೊದಲ ಮೆಟ್ಟಿಲು ಮಾತ್ರ ಹಿಂದಿನದೇ, ರಾಜಿ ಸಂಧಾನ ಅಧಿಕಾರಿ. ‘ಸಾಹೇಬರು ಮತ್ತೆ ಕರೆಯುತ್ತಾರೆ’ ಎಂದು ಕಾಯುತ್ತ ಕೂತವನ ಮುದ್ದತು ಓಡುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

‘ಸೂಪರ್‌ವೈಜರ್’ ಎಂಬ ಹೆಸರು ಬಂದ ಮಾತ್ರಕ್ಕೆ ಹಕ್ಕು ಹೋಯಿತೆಂದು ತಿಳಿಯುವವರೂ ಇದ್ದಾರೆ. ನೋಡಬೇಕಾದದ್ದು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು. ಮೇಲ್ವಿಚಾರಣೆಯೇ ಮುಖ್ಯ ಕೆಲಸವಾದರೆ ಪಗಾರದ ಮಿತಿಯೂ ಲೆಕ್ಕಕ್ಕೆ ಬರುತ್ತದೆ. ಈ ಮಿತಿ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು. ಬಳಿಕ 1,600 ಆಯಿತು, 2010ರಲ್ಲಿ 10,000 ಆಯಿತು. ಈಗಿನ ಸಂಹಿತೆಯಲ್ಲಿ 18,000 ಇದೆ.

ಮೂರನೆಯದು ಕಾಗದ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ನೋಟಿಸು ಮತ್ತು ಪರಿಹಾರ ಇಲ್ಲದೆ ಕೆಲಸದಿಂದ ಇಳಿಸುವಂತಿಲ್ಲ. ಆದರೆ 240 ದಿನ ದುಡಿದದ್ದಕ್ಕೆ ಸಾಕ್ಷಿ ಏನು? ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳು ಇದನ್ನು ಚೆನ್ನಾಗಿ ತಿಳಿಸುತ್ತವೆ. ಮೊದಲನೆಯದು ಅರಣ್ಯ ಇಲಾಖೆಯ ದಿನಗೂಲಿಯೊಬ್ಬರದು. ಸಾಬೀತುಪಡಿಸುವ ಹೊಣೆ ಕಾರ್ಮಿಕನದೇ, ಬರಿಯ ಪ್ರಮಾಣಪತ್ರ ಸಾಲದು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಎರಡನೆಯದು ಹಿಪ್ಪರಗಿ ಅಣೆಕಟ್ಟೆಯ ಕಾಮಗಾರಿಯಲ್ಲಿ 1988ರಿಂದ 1994ರವರೆಗೆ ದಿನಗೂಲಿಯಾಗಿ ದುಡಿದವರದು. ಇವರ ಕೈಯಲ್ಲಿ ಎಂಜಿನಿಯರೊಬ್ಬರು ಬರೆದುಕೊಟ್ಟ ಸೇವಾ ದೃಢೀಕರಣ ಪತ್ರ ಇತ್ತು. ಇಲಾಖೆ ತನ್ನ ಬಳಿಯ ಹಾಜರಿ ಪಟ್ಟಿಗಳನ್ನು ಪೂರ್ತಿಯಾಗಿ ಹಾಜರುಪಡಿಸಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಕಾರ್ಮಿಕನ ಪರವಾಗಿ ತೀರ್ಪು ಕೊಟ್ಟಿತು. ಇಬ್ಬರೂ ದಿನಗೂಲಿಗಳೇ. ಫಲ ಬೇರೆಯಾಗುವಂತೆ ಮಾಡಿದ್ದು ಒಂದು ಹಾಳೆ.

ಗುತ್ತೇದಾರನ ಕೆಳಗೆ ದುಡಿಯುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕಾರ್ಮಿಕರು ಕಂಪನಿಯ ಕಾಯಂ ನೌಕರರಾಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಮಾನವಾಯಿತು. ಗುತ್ತಿಗೆ ಬರೀ ನೆಪ, ಕೆಲಸ ಮಾಡಿಸಿದ್ದು ಕಂಪನಿಯೇ ಎಂದು ತೋರಿಸಿದರೆ ಮಾತು ಬೇರೆ. ತೋರಿಸುವುದಕ್ಕೆ ಗೇಟ್ ಪಾಸು, ಪಿ.ಎಫ್. ನಂಬರು, ಹಾಜರಿ ಚೀಟಿಯೇ ಆಧಾರ.

ಕೊನೆಯದಾಗಿ, ಕಂಪನಿಯೇ ಮುಳುಗಿದರೆ? ಆಗ ಬ್ಯಾಂಕು, ಸಾಲಗಾರರು, ಪಾಲುದಾರರು ಕೋರ್ಟಿಗೆ ಬರುತ್ತಾರೆ. ಕಾರ್ಮಿಕನಿಗೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆ 1982ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಬಂತು. ಕಂಪನಿ ಮುಚ್ಚುವ ಅರ್ಜಿಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕು ಎಂದು ಮೂವರು ಹೇಳಿದರು, ಅದೇ ತೀರ್ಪಾಯಿತು. 1985ರಲ್ಲಿ ಕಂಪನಿ ಕಾಯಿದೆಯನ್ನು ತಿದ್ದಿ, ಕಾರ್ಮಿಕರ ಬಾಕಿಯನ್ನು ಒತ್ತೆ ಇಟ್ಟುಕೊಂಡ ಸಾಲಗಾರರ ಸಾಲಿನಲ್ಲೇ ಕೂರಿಸಲಾಯಿತು. 2016ರ ದಿವಾಳಿ ಸಂಹಿತೆ ಆ ಸಾಲನ್ನು ಉಳಿಸಿತಾದರೂ 24 ತಿಂಗಳ ಬಾಕಿಗೆ ಮಿತಿ ಹಾಕಿತು. ಅದಕ್ಕಿಂತ ಹಳೆಯ ಬಾಕಿ ಹಿಂದಿನ ಸಾಲಿಗೆ ಸರಿಯುತ್ತದೆ. ಭವಿಷ್ಯನಿಧಿ, ಗ್ರಾಚ್ಯುಟಿ ನಿಧಿಗಳಿಂದ ಬರಬೇಕಾದ ಹಣ ಈ ಹಂಚಿಕೆಯಿಂದ ಹೊರಗೆ. ಅದರಲ್ಲಿ ಸಾಲಗಾರರಿಗೆ ಪಾಲಿಲ್ಲ. ಆದ್ದರಿಂದ ನಿಂತ ಪಗಾರವನ್ನು ವರ್ಷಗಟ್ಟಲೆ ಕೇಳದೆ ಬಿಡುವುದು ದೊಡ್ಡ ನಷ್ಟ.

ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಯಮ 1976ರಲ್ಲಿ 300 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿಗೆ ಬಂತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. ಹೊಸ ಸಂಹಿತೆ ಮತ್ತೆ 300ಕ್ಕೆ ಒಯ್ದಿದೆ. ಉದ್ಯಮಿಗಳು ಇದನ್ನು ಅನುಕೂಲ ಎನ್ನುತ್ತಾರೆ, ಕಾರ್ಮಿಕ ಸಂಘಗಳು ವಿರೋಧಿಸುತ್ತಿವೆ. 150 ಜನರ ಕಾರ್ಖಾನೆಯಲ್ಲಿ ದುಡಿಯುವವನಿಗೆ ಇದರ ಅರ್ಥ ಸರಳ: ಮೊದಲಿದ್ದ ಒಂದು ಆಸರೆ ಈಗ ಇಲ್ಲ.

ಈ ಎಲ್ಲದರಿಂದ ಮನೆಗೆ ಒಯ್ಯಬೇಕಾದದ್ದು ಮೂರೇ ಮಾತು. ನಿಮ್ಮ ಕಾರ್ಖಾನೆ ಅಥವಾ ಖಣಿ ಕೇಂದ್ರದ ಕೆಳಗೋ ರಾಜ್ಯದ ಕೆಳಗೋ ಎಂದು ಇಂದೇ ತಿಳಿದುಕೊಳ್ಳಿ. ಕೆಲಸ ಹೋದ ದಿನದ ತಾರೀಖನ್ನು ಬರೆದಿಡಿ. ಹಾಜರಿ ಚೀಟಿ, ಪಗಾರ ಚೀಟಿಗಳ ನಕಲು ತೆಗೆಸಿ ಮನೆಯ ಪೆಟ್ಟಿಗೆಯಲ್ಲಿ ಇಡಿ. ತಕರಾರು ಎದ್ದ ಮೇಲೆ ಅವು ಸಿಗುವುದು ಕಷ್ಟ.